ಅಪರಾಧಿಯ ಹೆಸರು ಕೇಳುವ ಮೊದಲು

(ಹದಡಿಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದರು. ನಾನು ಟಿ.ವಿ.ಯ ಬಗ್ಗೆ ಮಾತಾಡಲು ನಿಂತಿದ್ದೇನೆ. ದಯವಿಟ್ಟು ಬೇಸರಿಸಬೇಡಿ, ಎರಡಕ್ಕೂ ಸಂಬಂಧವಿದೆ.

ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಬೆಳೆದಿದೆ. ರಾತ್ರಿ ಊಟಕ್ಕೆ ಕುಳಿತಾಗ ಟಿ.ವಿ.ಯಲ್ಲಿ ಕೊಲೆಯ ಕಥೆಯೋ ಕ್ರೈಂ ಸುದ್ದಿಯೋ ಶುರುವಾದರೆ, ಸತ್ತವರು ಯಾರು, ಯಾಕೆ ಸತ್ತರು ಎಂದು ಕೇಳುವ ಮೊದಲೇ ಯಾರಾದರೂ ಒಬ್ಬರು ಕೇಳುತ್ತಾರೆ: "ಮಾಡಿದವನ ಹೆಸರೇನು?" ಹೆಸರು ನಮ್ಮವರದಲ್ಲದಿದ್ದರೆ ಒಂದು ನಿಟ್ಟುಸಿರು. ನಮ್ಮವರದಾದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ, ರಿಮೋಟ್ ಹುಡುಕುತ್ತೇವೆ. ನಿಮ್ಮ ಮನೆಯಲ್ಲಿ ಹೀಗಿಲ್ಲವೆಂದರೆ ನೀವು ಪುಣ್ಯವಂತರು. ನಮ್ಮ ಮನೆಯಲ್ಲಿ ಇದೆ. ನಾಳೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ಜನ ನಮ್ಮನ್ನು ಹೇಗೆ ನೋಡುತ್ತಾರೋ ಎಂಬ ಹೆದರಿಕೆ ಆ ಪ್ರಶ್ನೆಯ ಹಿಂದಿದೆ. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಹೆದರಿಕೆಯಲ್ಲಿ ಕುಳಿತು ನೋಡಿದವನ ಅಭಿಪ್ರಾಯ ಎಷ್ಟು ಸರಿಯಾಗಿರುತ್ತದೆ? ನನಗೆ ಈ ಪ್ರಶ್ನೆ ಮೊದಲು ಎದುರಾದದ್ದು 1988ರಲ್ಲಿ.

ಆ ವರ್ಷದ ಜನವರಿಯಲ್ಲಿ ದೂರದರ್ಶನದಲ್ಲಿ 'ತಮಸ್' ಎಂಬ ಹಿಂದಿ ಧಾರಾವಾಹಿ ಬಂತು. ಈಗಿನಂತೆ ವರ್ಷಗಟ್ಟಲೆ ಎಳೆಯುವ ಧಾರಾವಾಹಿಯಲ್ಲ, ಕೆಲವೇ ಕಂತು. ಭೀಷ್ಮ ಸಾಹನಿಯವರು 1974ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ. ಆ ಕಾದಂಬರಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿರ್ದೇಶನ ಗೋವಿಂದ್ ನಿಹಲಾನಿಯವರದು. ಹದಡಿಯಲ್ಲಿ ಆಗ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯಷ್ಟು. ನಾವು ನೋಡಿದ್ದು ನೆರೆಮನೆಯ ಗೌಡ್ರ ಪಡಸಾಲೆಯಲ್ಲಿ. ಆಂಟೆನಾ ತಿರುಗಿಸಲು ಒಬ್ಬ ಹುಡುಗ ಮಾಳಿಗೆಯ ಮೇಲೆ, ಉಳಿದವರೆಲ್ಲ ಚಾಪೆಯ ಮೇಲೆ. ಗೌಡ್ರ ಮನೆಯವರಿಗೆ ಹಿಂದಿ ಬರದು. ನನ್ನ ಅಮ್ಮಿಗೆ ಒಂದಕ್ಷರ ಓದಲು ಬರದು, ಆದರೆ ಮನೆಯ ದಖನಿಯ ಬಲದಿಂದ ಹಿಂದಿ ತಿಳಿಯುತ್ತಿತ್ತು. ಹಾಗಾಗಿ ಗೌಡಶಾನಿಯವರು "ಏನಂತಾನೆ ಬೂಬಮ್ಮ ಅವ್ನು?" ಎಂದು ಕೇಳುವುದು, ಅಮ್ಮಿ ಕನ್ನಡದಲ್ಲಿ ಹೇಳುವುದು. ಇಡೀ ಧಾರಾವಾಹಿ ಆ ಪಡಸಾಲೆಯಲ್ಲಿ ನಡೆದದ್ದು ಹೀಗೆ.

ಕಥೆ ಶುರುವಾಗುವುದೇ ಒಂದು ಅಪರಾಧದಿಂದ. ದೇಶ ಇಬ್ಭಾಗವಾಗುವ ಹೊತ್ತಿನ ಪಂಜಾಬಿನ ಒಂದು ಊರು. ನಾತು ಎಂಬ ಚರ್ಮದ ಕೆಲಸದ ಬಡವ. ದನದ ಡಾಕ್ಟರಿಗೆ ಬೇಕು ಎಂಬ ಸುಳ್ಳು ಹೇಳಿ, ಐದು ರೂಪಾಯಿ ಕೊಟ್ಟು, ಅವನಿಂದ ಒಂದು ಹಂದಿಯನ್ನು ಕೊಲ್ಲಿಸುತ್ತಾರೆ. ರಾತ್ರಿಯಿಡೀ ಒಂದು ಗುಡಿಸಲಿನಲ್ಲಿ ಅವನು ಆ ಪ್ರಾಣಿಯ ಜೊತೆ ಹೆಣಗುತ್ತಾನೆ. ಬೆಳಗಾದಾಗ ಅದು ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿದೆ. ಅಲ್ಲಿಂದ ಊರು ಹೊತ್ತಿಕೊಳ್ಳುತ್ತದೆ. ಜಿಲ್ಲೆಯ ಬ್ರಿಟಿಷ್ ಅಧಿಕಾರಿ ತಡೆಯಬಹುದಾದ ಹೊತ್ತಿನಲ್ಲಿ ತಡೆಯುವುದಿಲ್ಲ. ಪತ್ತೇದಾರಿ ಕಥೆಯಲ್ಲಿ ಅಪರಾಧಿ ಯಾರೆಂದು ನಮಗೆ ಕೊನೆಗೆ ಗೊತ್ತಾಗುತ್ತದೆ. ಇಲ್ಲಿ ಮೊದಲೇ ಗೊತ್ತು. ಊರಿಗೆ ಗೊತ್ತಿಲ್ಲ, ಪೊಲೀಸರಿಗೆ ಗೊತ್ತಿಲ್ಲ, ಪಡಸಾಲೆಯಲ್ಲಿ ಕುಳಿತ ನಮಗೆ ಗೊತ್ತು. ಹೇಳೋಣವೆಂದರೆ ಗಾಜಿನೊಳಗಿನವರಿಗೆ ಕೇಳುವುದಿಲ್ಲ. ಓಂ ಪುರಿ ಮಾಡಿದ ಆ ನಾತುವಿನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನದಿಂದ ಊರಲ್ಲಿ ಅಭಿಪ್ರಾಯಗಳು ಶುರುವಾದವು. ಚಹಾದಂಗಡಿಯಲ್ಲಿ ನಮ್ಮವರು ಕೆಲವರು, "ಮಸೀದಿಗೆ ಅವಮಾನ ಮಾಡಿದ್ದನ್ನು ತೋರಿಸಿದ್ದಾರೆ, ನಿಲ್ಲಿಸಬೇಕು" ಎಂದರು. ಇನ್ನೊಂದು ಬೆಂಚಿನವರು, "ಹಿಂದೂಗಳನ್ನು ಕೆಟ್ಟವರಂತೆ ತೋರಿಸಿದ್ದಾರೆ, ನಿಲ್ಲಿಸಬೇಕು" ಎಂದರು. ಎರಡೂ ಬೆಂಚಿನವರು ಒಪ್ಪಿದ ಮಾತೆಂದರೆ ನಿಲ್ಲಿಸಬೇಕೆಂಬುದೊಂದೇ! ನಾನೂ ಮೊದಲ ಬೆಂಚಿನಲ್ಲಿದ್ದೆ. ಒಂದು ಕಂತು ಮಾತ್ರ ನೋಡಿದ್ದೆ, ಧ್ವನಿ ಮಾತ್ರ ದೊಡ್ಡದು ಮಾಡಿದ್ದೆ.

ಇದೇ ಜಗಳ ದೇಶದ ಬೇರೆ ಕಡೆಯೂ ನಡೆಯಿತು, ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಒಬ್ಬ ನ್ಯಾಯಮೂರ್ತಿಗಳು ಪ್ರಸಾರಕ್ಕೆ ತಡೆ ಕೊಟ್ಟರು. ಆಗ ನ್ಯಾಯಮೂರ್ತಿ ಲೆಂಟಿನ್ ಮತ್ತು ನ್ಯಾಯಮೂರ್ತಿ ಸುಜಾತಾ ಮನೋಹರ್ ಅವರ ಪೀಠ ಏನು ಮಾಡಿತು ಗೊತ್ತೇ? ಸುಮಾರು ಐದು ಗಂಟೆಯ ಆ ಧಾರಾವಾಹಿಯನ್ನು ಕುಳಿತು ಪೂರ್ತಿ ನೋಡಿತು. ನೋಡಿದ ಮೇಲೆ ತಡೆಯನ್ನು ತೆಗೆಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, 1988ರ ಫೆಬ್ರವರಿ 16ರಂದು ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿ ಮತ್ತು ನ್ಯಾಯಮೂರ್ತಿ ರಂಗನಾಥನ್ ಅವರೂ ಪ್ರಸಾರದ ಪರವಾಗಿಯೇ ತೀರ್ಪು ಕೊಟ್ಟರು. ಒಂದು ಕೃತಿಯ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ, ವಿವೇಕವುಳ್ಳ ಸಾಮಾನ್ಯ ಮನುಷ್ಯನ ಕಣ್ಣಿನಿಂದ. ಎಲ್ಲದರಲ್ಲೂ ಅಪಾಯ ಕಾಣುವ ಅಂಜುಬುರುಕನ ಕಣ್ಣಿನಿಂದಲ್ಲ ಎಂಬುದು ಆ ತೀರ್ಪಿನ ತಿರುಳು.

ಶಿಕ್ಷಣ ಸಂಘದ ವೇದಿಕೆಯಲ್ಲಿ ನಿಂತು ನಾನು ಹೇಳಲೇಬೇಕಾದ ಇನ್ನೊಂದು ಮಾತು ಹೈಕೋರ್ಟಿನ ತೀರ್ಪಿನಲ್ಲಿತ್ತು. ಓದು ಬಾರದ ಜನ ಇದನ್ನು ನೋಡಿ ಕೆರಳುತ್ತಾರೆ ಎಂಬುದು ಒಂದು ವಾದವಾಗಿತ್ತು. ಅಕ್ಷರ ಬಾರದವರೆಂದರೆ ಸಾಮಾನ್ಯ ಬುದ್ಧಿ ಇಲ್ಲದವರೆಂದು ಅರ್ಥವಲ್ಲ. ಹಚ್ಚಿಕೊಡುವವರ ಕುತಂತ್ರವನ್ನು ಕಣ್ಣೆದುರು ತೋರಿಸಿದರೆ ಅವರಿಗೂ ತಿಳಿಯುತ್ತದೆ ಎಂದು ನ್ಯಾಯಮೂರ್ತಿಗಳು ಹೇಳಿದರು. ಬಹಳ ದಿನಗಳ ಮೇಲೆ ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಡಿಗ್ರಿ ಓದುತ್ತಿದ್ದ ನಾನು ಒಂದು ಕಂತು ನೋಡಿ ಬೆಂಚು ಕುಟ್ಟಿದ್ದೆ. ಅಮ್ಮಿ ಎಲ್ಲ ಕಂತುಗಳನ್ನೂ ನೋಡಿ, ಪಕ್ಕದವರಿಗೆ ಅರ್ಥ ಹೇಳಿ, ಮನೆಗೆ ಬಂದು ನಮಾಜು ಮಾಡಿ ಮಲಗಿದ್ದಳು.

ಅಮ್ಮಿಗೆ ಅದರಲ್ಲಿ ನೆನಪು ಉಳಿದದ್ದು ಹಂದಿಯಲ್ಲ, ಮಸೀದಿಯ ಮೆಟ್ಟಿಲೂ ಅಲ್ಲ. ರಾಜೋ. ಮನೆ ಬಿಟ್ಟು ಓಡಿಬಂದ ಮುದುಕ ಸಿಖ್ ದಂಪತಿ, ಹರನಾಮ್ ಸಿಂಗ್ ಮತ್ತು ಬಂತೋ, ಒಂದು ಮುಸ್ಲಿಂ ಮನೆಯ ಬಾಗಿಲು ತಟ್ಟುತ್ತಾರೆ. ಗಂಡಸರು ಹೊರಗೆ ಹೋಗಿದ್ದಾರೆ, ಲೂಟಿ ಮಾಡಲು. ಆ ಮನೆಯ ಯಜಮಾನಿ ರಾಜೋ ಅವರನ್ನು ಒಳಗೆ ಕರೆದು ಬಚ್ಚಿಡುತ್ತಾಳೆ. ಗಂಡಸರು ಹೊತ್ತು ತಂದದ್ದು ಅದೇ ದಂಪತಿಯ ಟ್ರಂಕು. ರಾತ್ರಿ ಅವರನ್ನು ಸುರಕ್ಷಿತವಾಗಿ ಊರಾಚೆ ದಾಟಿಸುವಾಗ ಆ ಟ್ರಂಕಿನ ಒಡವೆಯನ್ನೂ ಅವಳು ಅವರ ಕೈಗೇ ಕೊಡುತ್ತಾಳೆ. ಆ ಪಾತ್ರ ಮಾಡಿದ ಸುರೇಖಾ ಸೀಕ್ರಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹರನಾಮ್ ಸಿಂಗ್ ಆಗಿ ನಟಿಸಿದವರು ಸ್ವತಃ ಕಾದಂಬರಿಕಾರ ಭೀಷ್ಮ ಸಾಹನಿ. ಅವರು ರಾವಲ್ಪಿಂಡಿಯಲ್ಲಿ ಹುಟ್ಟಿದವರು, ಆ ಬೆಂಕಿಯನ್ನು ಕಣ್ಣಾರೆ ಕಂಡವರು.

ಕಾದಂಬರಿಯನ್ನು ನಾನು ಓದಿದ್ದು ಆಮೇಲೆ, ದಾವಣಗೆರೆಯಲ್ಲಿ, ಹಿಂದಿ ಪರೀಕ್ಷೆಗೆ ಕಟ್ಟಿದಾಗ. ಅಲ್ಲಿ ನನಗೊಂದು ಪೆಟ್ಟು ಕಾದಿತ್ತು. ಹಂದಿ ಕೊಲ್ಲಿಸಿದವನನ್ನು ಧಾರಾವಾಹಿಯಲ್ಲಿ ಬರೀ ಠೇಕೆದಾರ ಎನ್ನುತ್ತಾರೆ. ಪಂಕಜ್ ಕಪೂರ್ ಮಾಡಿದ ಪಾತ್ರ. ಕಾದಂಬರಿಯಲ್ಲಿ ಅವನಿಗೆ ಹೆಸರಿದೆ. ಮುರಾದ್ ಅಲಿ. ಕೊನೆಯಲ್ಲಿ ಶಾಂತಿ ಸಮಿತಿಯ ಬಸ್ಸು ಹೊರಟಾಗ ಡ್ರೈವರ್ ಪಕ್ಕದಲ್ಲಿ ಕುಳಿತು ಐಕ್ಯತೆಯ ಘೋಷಣೆ ಕೂಗುವವನೂ ಅವನೇ. ಪುಸ್ತಕ ಮುಚ್ಚಿಟ್ಟೆ. ಟಿ.ವಿ.ಯವರೇ ಒಳ್ಳೆಯವರು, ಹೆಸರು ತೆಗೆದರಲ್ಲ ಎಂದುಕೊಂಡೆ. ಎರಡು ದಿನ ಅದನ್ನು ಮುಟ್ಟಲಿಲ್ಲ.

ಈಗ ನನ್ನ ಅಭಿಪ್ರಾಯ ಬೇರೆ. ಮುರಾದ್ ಅಲಿಗೆ ಹೆಸರಿರುವ ಪುಸ್ತಕದಲ್ಲೇ ರಾಜೋಗೂ ಹೆಸರಿದೆ. ಅವನದನ್ನು ಅಳಿಸಿ, ಇವಳದನ್ನು ಮಾತ್ರ ಉಳಿಸಿ ಎಂದು ಯಾವ ಬಾಯಿಯಿಂದ ಕೇಳಲಿ? ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿ, ಅದು ನಿಮ್ಮ ವಿರುದ್ಧವೇ ಇದ್ದರೂ, ಎಂಬ ಆದೇಶ ಸೂರಃ ನಿಸಾದಲ್ಲಿದೆ. ಅದನ್ನು ಪ್ರತಿ ಜಲ್ಸಾದಲ್ಲಿ ಕೇಳುತ್ತೇವೆ, ಟಿ.ವಿ. ಮುಂದೆ ಕುಳಿತಾಗ ಮರೆಯುತ್ತೇವೆ. ಹಾಗೆಂದು ಎಲ್ಲ ಕಥೆಗಳೂ ಇಷ್ಟು ನ್ಯಾಯವಾಗಿರುತ್ತವೆ ಎಂದೇನೂ ಅಲ್ಲ. ಅಪರಾಧಿಗೆ ಟೋಪಿ, ಗಡ್ಡ ಅಂಟಿಸಿ ಕೈತೊಳೆದುಕೊಳ್ಳುವ ಕಂತುಗಳು ಬೇಕಾದಷ್ಟು ಬಂದಿವೆ. ಅಂಥವನ್ನು ಬೈಯಿರಿ, ಚೆನ್ನಾಗಿಯೇ ಬೈಯಿರಿ. ಆದರೆ ಪೂರ್ತಿ ನೋಡಿ ಬೈಯಿರಿ. ಈಗಂತೂ ಅರ್ಧ ನಿಮಿಷದ ತುಣುಕು ಮೊಬೈಲಿಗೆ ಬರುತ್ತದೆ, ನೋಡಿ ಮುಗಿಯುವ ಮೊದಲೇ ಇನ್ನೊಬ್ಬರಿಗೆ ಕಳಿಸಿರುತ್ತೇವೆ. ನಮ್ಮ ಆ ಚಹಾದಂಗಡಿಯ ಬೆಂಚು ಈಗ ಎಲ್ಲರ ಜೇಬಿನಲ್ಲಿದೆ.

ಕನ್ನಡದಲ್ಲಿ ಇಂಥದ್ದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಇದೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ', 1987ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಗಿರೀಶ್ ಕಾರ್ನಾಡರು ಅದನ್ನು ದೂರದರ್ಶನಕ್ಕಾಗಿ ಟೆಲಿಚಿತ್ರ ಮಾಡಿದ್ದರು. ಮಲೆನಾಡಿನ ಕೆಸರೂರು, ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವು, ಅದರ ಗುಟ್ಟು ಹುಡುಕಿ ಬರುವ ಗುಪ್ತಚರ ಅಧಿಕಾರಿ ಅಂಗಡಿ. ಕೊಂದವರು ಯಾರು ಎಂದು ಓದುತ್ತಾ ಹೋದರೆ, ಅದೇ ಊರಲ್ಲಿ ರಫಿ ಎಂಬ ಹುಡುಗ ಮತ್ತು ಜಯಂತಿ ಎಂಬ ಹುಡುಗಿಯ ಪ್ರೀತಿ, ಅದರ ಸುತ್ತ ಗಾಳಿಮಾತು, ಗಾಳಿಮಾತಿನಿಂದ ಹಗೆ. ಪತ್ತೇದಾರಿ ಎಂದು ಕೈಗೆತ್ತಿಕೊಂಡ ಹುಡುಗರು ಎಲ್ಲೋ ಬಂದು ನಿಲ್ಲುತ್ತಾರೆ. ಕನ್ನಡ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಓದಿಸಿದರೆ ನನ್ನ ಭಾಷಣಕ್ಕಿಂತ ಹೆಚ್ಚು ಉಪಯೋಗವಾದೀತು.

ಧಾರಾವಾಹಿ ಮುಗಿದ ದಿನ ಗೌಡಶಾನಿಯವರು ಕೇಳಿದ್ದು ನೆನಪಿದೆ: "ಮಾಡಿಸಿದೋನು ಯಾರಂತ ಆ ನಾತೂಗೆ ಗೊತ್ತಿತ್ತಲ್ಲ ಬೂಬಮ್ಮ, ಯಾಕ್ ಹೇಳ್ಲಿಲ್ಲ?" ಅಮ್ಮಿ ಸೆರಗು ಸರಿಮಾಡಿಕೊಂಡು, "ಹೆಂಡ್ತಿ ಹತ್ರ ಹೇಳ್ದ ಅಲ್ವೇನ್ರೀ ಗೌಡಶಾನಿ? ಅವನನ್ನ ಬೇರೆ ಯಾರ್ ಕೇಳಿದ್ರು?" ಎಂದಳು.

ಸಂಘದ ವಾಚನಾಲಯದಲ್ಲಿ ಈಗ ಎರಡೂ ಪುಸ್ತಕಗಳಿವೆ. ಜೊತೆಗೆ ದಾರ ಕಟ್ಟಿದ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಓದಿದವರು, ನೋಡಿದವರು ತಮ್ಮ ಅಭಿಪ್ರಾಯ ಬರೆಯಬೇಕು; ಎಷ್ಟು ಪುಟ ಓದಿದ್ದೀರಿ ಎಂಬುದನ್ನೂ ಬರೆಯಬೇಕು. ಮೊದಲು ಬರೆದವಳು ಹತ್ತನೇ ತರಗತಿಯ ಹುಡುಗಿ. "ಪೂರ್ತಿ ಓದಿದೆ. ಮಾರನೇ ದಿನ ರಾಜೋಗೆ ಮನೆಯವರು ಏನು ಮಾಡಿದರು?" ಎಂದು ಕೇಳಿದ್ದಾಳೆ. ಅದರ ಕೆಳಗೆ ಇನ್ನೂ ಯಾರೂ ಬರೆದಿಲ್ಲ.