ಕೊಳೆರೋಗದ ಕುಲಗೋತ್ರ

(ಭಾಷಣದ ಬರಹ ರೂಪ)



ಬಿಳಗಿ ಸೀಮೆಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪರಿಚಯ ಹೇಳಬೇಕಾಗಿಲ್ಲ. ಆಷಾಢದ ಜಡಿಮಳೆಯಲ್ಲಿ ಎಳೆ ಅಡಿಕೆಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆ ಮೂಡಿ, ಕಾಯಿ ಉದುರಿ, ಬಿಳಿ ಬೂಷ್ಟು ಹರಡಿತೆಂದರೆ ರೋಗ ಯಾವುದೆಂದು ಎಲ್ಲರೂ ಬಲ್ಲರು. ಆದರೆ ರೋಗ ತರುವ ಜೀವಿ ಯಾವ ಬಳಗದ್ದು? ಹೊಡೆದ ಔಷಧಿ ನಾಟುವುದೂ ನಾಟದಿರುವುದೂ ಈ ಪ್ರಶ್ನೆಯ ಮೇಲೆ ನಿಂತಿದೆ.

ವಿಜ್ಞಾನಿಗಳು ಪ್ರತಿ ಜೀವಿಗೂ ಎರಡು ಪದದ ಹೆಸರಿಡುತ್ತಾರೆ. ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅಡಿಕೆಯನ್ನು ಅರೆಕಾ ಕಟೆಚು ಎಂದು ಕರೆದದ್ದು ಹೀಗೆಯೇ. ಊರಿನ ಹೆಸರು ಲಕ್ಷಣ ಹೇಳುತ್ತದೆ, ವಿಜ್ಞಾನದ ಹೆಸರು ನೆಂಟಸ್ತನ ಹೇಳುತ್ತದೆ.

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ವರದಿ ಪ್ರಕಟಿಸಿ, ಕಾರಣವಾದ ಜೀವಿಯನ್ನು ಫೈಟಾಫ್ಥೊರಾ ಕುಲಕ್ಕೆ ಸೇರಿಸಿದರು. ರೋಗಕ್ಕೆ ಮಾತ್ರ ಕನ್ನಡದ ಹೆಸರನ್ನೇ ಉಳಿಸಿಕೊಂಡರು! 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಹಾಳುಮಾಡಿದ್ದೂ, ಕಾಳುಮೆಣಸಿಗೆ ಸೊರಗು ರೋಗ ತರುವುದೂ ಇದೇ ಕುಲದವು. ಅಡಿಕೆಯಲ್ಲಿ ಈಗ ಹೆಚ್ಚಾಗಿ ಗುರುತಿಸುವ ಪ್ರಭೇದ ಫೈಟಾಫ್ಥೊರಾ ಮೀಡಿ.

ಎಳೆಎಳೆಯಾಗಿ ಬೆಳೆಯುವುದರಿಂದ ಇದನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂಗತಿ ಬೇರೆ. ನೀರಿನ ಹನಿಯಲ್ಲಿ ಇದರ ಚೀಲಗಳು ಒಡೆದು, ಎರಡೆರಡು ಬಾಲದ ಬೀಜಾಣುಗಳು ಈಜುತ್ತ ಹೊರಬರುತ್ತವೆ. ಮಳೆ ಜೋರಾದಷ್ಟೂ ರೋಗ ಹರಡುವುದು ಇದರಿಂದಲೇ. ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇದ್ದರೆ, ಇದರಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಇದೆ. ವಂಶವಾಹಿಗಳ ಪರೀಕ್ಷೆಯೂ ಅದನ್ನೇ ಹೇಳಿತು: ಇದು ಅಣಬೆಗಿಂತ ಕಡಲಿನ ಕಂದು ಪಾಚಿಗೆ ಹತ್ತಿರದ ನೆಂಟ.

ಹಾಗಾಗಿ ಶಿಲೀಂಧ್ರನಾಶಕವೆಂದು ಚೀಟಿಯಲ್ಲಿ ಬರೆದದ್ದೆಲ್ಲ ಕೊಳೆರೋಗಕ್ಕೆ ಆಗಿಬರುವುದಿಲ್ಲ. ಕಾರ್ಬೆಂಡೇಜಿಮ್ ಇದನ್ನು ಕೊಲ್ಲದು. ದುಡ್ಡೂ ಹೋಯಿತು, ಮಳೆಯ ಬಿಡುವೂ ಹೋಯಿತು. ಶೇ. 1ರ ಬೋರ್ಡೋ ದ್ರಾವಣ ನಾಟುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತಿಕ್ಕಿ ಹೊಳಪಾಗಿಸಿದ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಕೊನೆಗಳಿಗೆ ಚೆನ್ನಾಗಿ ತಾಗುವಂತೆ ಹೊಡೆಯಬೇಕು.

ಉದುರಿದ್ದೆಲ್ಲ ಕೊಳೆಯಲ್ಲ. ಎಳೆಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದರೆ ಅದು ರಸ ಹೀರುವ ತಿಗಣೆಯ ಕೆಲಸವಿರಬಹುದು. ಅನುಮಾನವಿದ್ದರೆ ಆಗತಾನೇ ಉದುರಿದ ನಾಲ್ಕಾರು ಕಾಯಿಗಳನ್ನು ಕಾಗದದಲ್ಲಿ ಸುತ್ತಿ ಅಂದೇ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಪೂರ್ತಿ ಕೊಳೆತ ಕಾಯಿಗೆ ಬೇರೆ ಬೂಷ್ಟುಗಳೂ ಮುತ್ತಿಕೊಂಡು, ಮೂಲ ಅಪರಾಧಿ ಪತ್ತೆಯಾಗುವುದಿಲ್ಲ.