ಮಾತ್ರೆ, ಪುಡಿ, ಟಾನಿಕ್: ಆಯ್ಕೆಗೆ ಮುನ್ನ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಸುತ್ತಲಿನ ಜಿಲ್ಲೆಗಳ ರೈತರು ಮೂಟೆಗಟ್ಟಲೆ ಕಡಲೆಕಾಯಿ ತರುತ್ತಾರೆ. ಸಮೀಪದ ಗಾಂಧಿ ಬಜಾರಿನ ಔಷಧಿ ಅಂಗಡಿಗಳಲ್ಲಿ ಪ್ರೋಟೀನ್ ಪುಡಿಯ ಡಬ್ಬಿಗಳು ಸಾಲಾಗಿರುತ್ತವೆ. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಇದನ್ನು ಮಾರಿದ ಹಣದಲ್ಲಿ ಡಬ್ಬಿ ಕೊಂಡೊಯ್ಯುವುದು ವಿಚಿತ್ರ ವ್ಯಾಪಾರವೇ ಸರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಅಧಿಕ ಕ್ಯಾಲ್ಸಿಯಂ ಇರುವುದನ್ನೂ ನಾವು ಮರೆತಿದ್ದೇವೆ.

ಹಾಗೆಂದು ಮಾತ್ರೆಗಳೆಲ್ಲ ಅನಗತ್ಯವಲ್ಲ. ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಪದವೀಧರ. ಹೊರೆಯನ್ನು ಲೆಕ್ಕ ಹಾಕದೆ ಕಂಬದ ಗಾತ್ರ ನಿರ್ಧರಿಸುವಂತಿಲ್ಲ. ರಕ್ತಪರೀಕ್ಷೆಯಿಲ್ಲದೆ ಟಾನಿಕ್ ಕೊಳ್ಳುವುದೂ ಅಂತಹುದೇ. ಬಿ ಮತ್ತು ಸಿ ಜೀವಸತ್ವಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತವೆ. ಎ ಮತ್ತು ಡಿ ದೇಹದಲ್ಲಿಯೇ ಶೇಖರಗೊಳ್ಳುತ್ತವೆ. ಗರ್ಭಿಣಿಯರು ಎ ಜೀವಸತ್ವವನ್ನು ಮಿತಿಮೀರಿ ಸೇವಿಸಿದರೆ ಶಿಶುವಿನ ಅಂಗರಚನೆಗೇ ಅಪಾಯ. ಪೂರಕ ಆಹಾರದ ಡಬ್ಬಿಯ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಸೂಚನೆ ಇರಲೇಬೇಕೆಂದು ಆಹಾರ ಸುರಕ್ಷತಾ ನಿಯಮ ವಿಧಿಸಿದೆ. ಅಕ್ಷರ ಸಣ್ಣದಿರುತ್ತದೆ, ಹುಡುಕಿ ಓದಬೇಕು.

ನಿಜವಾಗಿ ಬೇಕಾದ ಮಾತ್ರೆ ನಮ್ಮ ಊರಿನಲ್ಲಿಯೇ ಉಚಿತವಾಗಿ ದೊರೆಯುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಇದನ್ನು ತಡೆಯಲೆಂದೇ 60 ಮಿಲಿಗ್ರಾಂ ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲವಿರುವ ಕೆಂಪು ಮಾತ್ರೆಯನ್ನು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನೀಡಲಾಗುತ್ತದೆ. ಮಲ ಕಪ್ಪಾಯಿತು, ವಾಕರಿಕೆ ಬಂತು ಎಂದು ಅನೇಕರು ನಡುವೆಯೇ ನಿಲ್ಲಿಸುತ್ತಾರೆ. ಮಲ ಕಪ್ಪಾಗುವುದು ಸಹಜ. ಊಟದ ನಂತರ ಸೇವಿಸಿದರೆ ವಾಕರಿಕೆ ತಗ್ಗುತ್ತದೆ. ಕಾಫಿ, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ತೆಗೆದುಕೊಂಡರೆ ಮಾತ್ರ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆರಸ ಅದಕ್ಕೆ ಸಹಾಯಕ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ನಾವು ಮಾತ್ರೆಗಳ ದಾಸ್ತಾನು ಕೇಳಿ ಸುಮ್ಮನಾಗುತ್ತೇವೆ. ಎಷ್ಟು ಮಂದಿ ನುಂಗಿದರು ಎಂಬುದನ್ನು ತಾವು ಕೇಳಬೇಕು. ವಿಶೇಷವಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಗಳು ನಮ್ಮ ಪಟ್ಟಿಯಲ್ಲೂ ಇರುವುದಿಲ್ಲ, ಆ ಊರಿನ ಪಟ್ಟಿಗೂ ಸೇರಿರುವುದಿಲ್ಲ. ಆಕೆ ಹೊರಡುವ ದಿನವೇ ತಾಯಿ ಕಾರ್ಡ್ ಜೊತೆಯಲ್ಲಿದೆಯೇ ಎಂದು ನೋಡಿ, ತವರೂರಿನ ಆಶಾ ಕಾರ್ಯಕರ್ತೆಗೆ ನಮ್ಮವರಿಂದ ದೂರವಾಣಿ ಮಾಡಿಸಲು ಕೋರುತ್ತೇನೆ.