ದಾವೆಯ ಖರ್ಚು ಯಾರ ತಲೆಗೆ?



ಬೆಂಗಳೂರಿನ ಹೆಬ್ಬಾಳ ಕೆರೆಯನ್ನು ಮೇಲ್ಸೇತುವೆಯ ಮೇಲಿಂದಲಾದರೂ ಕಂಡವರು ನಿಮ್ಮಲ್ಲಿ ಹಲವರಿರಬಹುದು. ಕೆರೆಗಳನ್ನು ಕಾಯಲೆಂದೇ ಹುಟ್ಟಿದ್ದ ಅಂದಿನ ಕೆರೆ ಅಭಿವೃದ್ಧಿ ಪ್ರಾಧಿಕಾರವು 2000ರ ದಶಕದಲ್ಲಿ ಈ ಕೆರೆಯನ್ನು ಖಾಸಗಿ ಹೋಟೆಲು ಸಂಸ್ಥೆಗೆ ಗುತ್ತಿಗೆ ನೀಡಿತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೆರೆಗಳ ಸ್ಥಿತಿಯನ್ನು ಪರಿಶೀಲಿಸಿತು. ಅಂತಿಮ ಆದೇಶ ಬಂದುದು 2012ರಲ್ಲಿ. ಕಾಯಬೇಕಾದವರು ಕಾಯದಿದ್ದಾಗ ಜನರೇ ನಾಲ್ಕು ವರ್ಷ ನ್ಯಾಯಾಲಯದ ಬಾಗಿಲು ಕಾಯಬೇಕಾಯಿತು. ಇಂತಹ ಹೋರಾಟದ ಖರ್ಚನ್ನು ಭರಿಸಬೇಕಾದವರು ಯಾರು?

ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಮೂಲ ಆಶಯ ಸರಳವಾದುದು: ಸೋತವರು ಗೆದ್ದವರ ಖರ್ಚು ಕೊಡಬೇಕು, ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣವನ್ನು ಬರೆಯಬೇಕು. ಖರ್ಚಿನ ಆದೇಶ ಮಾಡುವ ಅಧಿಕಾರವನ್ನು 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ 23ನೇ ಕಲಮೂ ನೀಡಿದೆ. ಆದರೂ ಸರ್ಕಾರಿ ಸಂಸ್ಥೆ ಸೋತಾಗ, ಅವರವರ ಖರ್ಚು ಅವರವರಿಗೆ ಎಂಬ ಒಂದು ಸಾಲಿನಲ್ಲಿ ಎಷ್ಟೋ ತೀರ್ಪುಗಳು ಮುಗಿಯುತ್ತವೆ. ಘಟ್ಟದ ಹಳ್ಳಿಯವನಿಗೆ ಆ ಒಂದು ಸಾಲು ಹಗುರವಲ್ಲ. ವಕೀಲರ ಶುಲ್ಕ, ದೃಢೀಕೃತ ನಕಲು, ನೀರಿನ ಪರೀಕ್ಷೆ, ಬಸ್ ಚಾರ್ಜು, ಕಳೆದುಹೋದ ಕೂಲಿಯ ದಿನಗಳು – ಇವೆಲ್ಲವೂ ಅವನ ಹೆಗಲಿಗೇ ಬೀಳುತ್ತವೆ. ಎದುರಾಳಿಯ ಖರ್ಚಾದರೋ ಖಜಾನೆಯದು.

ಹಾಗಾದರೆ ಸೋತ ನಿಯಂತ್ರಕರಿಗೆಲ್ಲ ಖರ್ಚು ಹೊರಿಸುವುದೇ ನ್ಯಾಯವೇ? ಅವಸರ ಬೇಡ. 1974ರ ಜಲ ಕಾಯಿದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯು ಒಂದು ಕಾರ್ಖಾನೆಗೆ ಸಮ್ಮತಿ ನಿರಾಕರಿಸಿತೆನ್ನಿ. ಕಾರ್ಖಾನೆಯವರು ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಂದ ಹಸಿರು ನ್ಯಾಯಮಂಡಳಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೂ ಹೋಗಬಲ್ಲರು. ಅವರ ವಕೀಲರ ಶುಲ್ಕವೆಲ್ಲ ತನ್ನ ತಲೆಗೆ ಬರುವುದೆಂಬ ಭಯವಿದ್ದರೆ ಮಂಡಳಿಯು ಬಲಿಷ್ಠರ ತಂಟೆಗೇ ಹೋಗದು. ಸಣ್ಣ ಗಿರಣಿಗೆ ನೋಟೀಸು, ದೊಡ್ಡ ಕಾರ್ಖಾನೆಗೆ ಮೌನ ಎಂಬಂತಾದರೆ ನಷ್ಟ ನದಿಗೆ, ನದಿ ನಂಬಿದ ತೋಟಕ್ಕೆ.

ಈ ಇಕ್ಕಟ್ಟನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಎದುರಿಸಿತು. ಮೂರ್ಛೆರೋಗದ ಔಷಧದ ಬೆಲೆ ಏರಿಸಿದ್ದಕ್ಕಾಗಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರವು ಫೈಜರ್ ಮತ್ತು ಫ್ಲಿನ್ ಕಂಪನಿಗಳಿಗೆ 2016ರಲ್ಲಿ ದಂಡ ವಿಧಿಸಿತ್ತು. ಮೇಲ್ಮನವಿಯಲ್ಲಿ ಕಂಪನಿಗಳಿಗೆ ಭಾಗಶಃ ಜಯವಾಯಿತು. ಖರ್ಚಿನ ಪ್ರಶ್ನೆ ಮಾತ್ರ ಉಳಿಯಿತು. ಸಾರ್ವಜನಿಕ ಸಂಸ್ಥೆಯೆಂಬ ಒಂದೇ ಕಾರಣಕ್ಕೆ ವಿನಾಯಿತಿಯಿಲ್ಲ; ಆದರೆ ಖರ್ಚಿನ ಭಯದಿಂದ ಸಂಸ್ಥೆ ತನ್ನ ಕರ್ತವ್ಯದಿಂದ ಹಿಂಜರಿಯಬಹುದೆಂಬುದನ್ನು ಆಯಾ ಪ್ರಕರಣದಲ್ಲಿ ತೂಗಬೇಕು ಎಂದಿತು ಆ ನ್ಯಾಯಾಲಯ.

ಇನ್ನೊಂದು ಪ್ರಶ್ನೆ: ಸಂಸ್ಥೆ ತೆರುವ ಹಣ ಯಾರದು? ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿಯು 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ 50 ಕೋಟಿ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ವಿಧಿಸಿತು. ಅದು ಪರಿಸರ ಪರಿಹಾರ, ದಾವೆಯ ಖರ್ಚಲ್ಲ. ಎರಡೂ ಬೇರೆಯಾದರೂ ಹಣ ಬರುವುದು ಮಾತ್ರ ತೆರಿಗೆದಾರನ ಜೇಬಿನಿಂದಲೇ. ಆದುದರಿಂದಲೇ 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರದ ತೀರ್ಪು ನೆನಪಿಡಬೇಕಾದುದು. ಅಧಿಕಾರದ ದುರುಪಯೋಗಕ್ಕೆ ಕೊಡುವ ಪರಿಹಾರವನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಬೇಕೆಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ.

ಸ್ಥಳ ನೋಡಿ, ಜನರ ಮಾತು ಕೇಳಿ, ಕಾರಣ ಬರೆದು ತೀರ್ಮಾನಿಸಿದ ಅಧಿಕಾರಿ ಸೋತರೆ ಅವನಿಗೆ ರಕ್ಷಣೆ ಇರಲಿ. ಕಡತವನ್ನೇ ತೆರೆಯದೆ ಸಹಿ ಹಾಕಿದವನಿಗೆ ಅದು ಸಲ್ಲದು. ನ್ಯಾಯದ ತಕ್ಕಡಿಗೆ ಈ ವ್ಯತ್ಯಾಸ ಕಾಣಬೇಕಾದರೆ ಅರ್ಜಿದಾರರೂ ಎಚ್ಚರವಿರಬೇಕು. ಖರ್ಚು ಕೊಡಿಸಬೇಕೆಂಬ ಕೋರಿಕೆ ಅರ್ಜಿಯಲ್ಲಿಯೇ ಸ್ಪಷ್ಟವಾಗಿರಲಿ. ಪ್ರತಿ ರಸೀದಿಯೂ ಭದ್ರವಾಗಿರಲಿ. ಅಧಿಕಾರಿಗಳಿಗೆ ಮೊದಲು ಬರೆದ ಮನವಿಗಳ ಸ್ವೀಕೃತಿ ಕೈಯಲ್ಲಿರಲಿ. ಕೇಳದಿದ್ದ ಖರ್ಚನ್ನು ಯಾವ ನ್ಯಾಯಾಲಯವೂ ಮನೆಗೆ ತಂದುಕೊಡುವುದಿಲ್ಲ.